ಮನೆಯಲ್ಲಿ ಬರೆದ ನಕ್ಷೆ

ನಕ್ಷೆ ಓಟದ ಸುದ್ದಿಯನ್ನು ಮೊದಲು ತಂದವಳು ಅನುಷಾ. ಗಡಿಯಾರ ಕಂಬದ ಹತ್ತಿರ ಗೋಡೆಗೆ ಅಂಟಿಸಿದ್ದ ಹಳದಿ ಚೀಟಿಯನ್ನು ಉಗುರಿನಿಂದ ಬಿಡಿಸಿ, ಮಡಚಿ, ನೋಟುಪುಸ್ತಕದೊಳಗೆ ಇಟ್ಟುಕೊಂಡು ಬಂದಿದ್ದಳು. ಅದು 2003ರ ನವೆಂಬರ್. ಅನುಷಾ ಮತ್ತು ಮುಬಾಶಿರಾ ಇಬ್ಬರೂ ಕೊಪ್ಪಳದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದರು, ಇಬ್ಬರೂ ಎನ್‌ಸಿಸಿ ಸೇರಿದ್ದರು. ಅನುಷಾ ಯಲಬುರ್ಗಾ ಕಡೆಯ ಹುಡುಗಿ, ಹಾಸ್ಟೆಲಿನಲ್ಲಿ ಇದ್ದಳು. ಮುಬಾಶಿರಾಳ ಮನೆ ಕೊಪ್ಪಳದಲ್ಲೇ, ದಿಡ್ಡಿಕೇರಿ ಓಣಿಯಲ್ಲಿ.

ಚೀಟಿಯಲ್ಲಿ ಬಂಡೆಗಲ್ಲು ಸಾಹಸ ಬಳಗ ಎಂದು ದೊಡ್ಡ ಅಕ್ಷರದಲ್ಲಿತ್ತು. ಇಬ್ಬರಿಬ್ಬರ ಜೋಡಿಯಾಗಿ ಓಡಬೇಕು. ಓಟ ಶುರುವಾಗುವ ಹೊತ್ತಿಗೆ ಊರಿನ ನಕ್ಷೆ ಕೈಗೆ ಕೊಡುತ್ತಾರೆ, ಅದಕ್ಕೆ ಮೊದಲು ಯಾರೂ ಅದನ್ನು ನೋಡುವಂತಿಲ್ಲ. ನಕ್ಷೆಯಲ್ಲಿ ಹನ್ನೆರಡು ಕಡೆ ಕೆಂಪು ಗುರುತು. ಆ ಹನ್ನೆರಡೂ ಜಾಗ ಹುಡುಕಿ, ಅಲ್ಲಿ ದಾರಕ್ಕೆ ಕಟ್ಟಿರುವ ಪಂಚಿನಿಂದ, ಬಸ್ ಕಂಡಕ್ಟರ್ ಟಿಕೆಟಿಗೆ ತೂತು ಹಾಕುವಂತೆ, ತಮ್ಮ ಕಾರ್ಡಿಗೆ ತೂತು ಹಾಕಿಕೊಂಡು, ಒಂದರಿಂದ ಹನ್ನೆರಡರವರೆಗೆ ಅನುಕ್ರಮವಾಗಿ ಮುಗಿಸಿ ಮೈದಾನಕ್ಕೆ ಮರಳಬೇಕು. ಮೊದಲು ಬಂದ ಜೋಡಿಯನ್ನು ಹಿಮಾಲಯದಲ್ಲಿ ಮೂರು ತಿಂಗಳ ತರಬೇತಿಗೆ ಕಳಿಸುತ್ತಾರೆ. ತರಬೇತಿ ಮುಗಿಸಿ ಬಂದವರನ್ನು ಬಳಗವೇ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ.

"ಕಡೀ ಸಾಲು ಓದು," ಎಂದಳು ಅನುಷಾ. "ಕೆಲಸ ಅಂತ ಬರದಾರ."

ಮುಬಾಶಿರಾಗೆ ಅವಳ ಆತುರ ಗೊತ್ತಿತ್ತು. ಅನುಷಾಗೆ ಕುಷ್ಟಗಿಯ ಒಂದು ಮನೆಯಿಂದ ಸಂಬಂಧ ಬಂದಿತ್ತು. ಹುಡುಗನಿಗೆ ಗೊಬ್ಬರದ ಅಂಗಡಿ. ಯುಗಾದಿಯೊಳಗೆ ಏನಾದರೂ ಕೆಲಸ ಸಿಕ್ಕರೆ ಲಗ್ನವನ್ನು ಎರಡು ವರ್ಷ ಮುಂದಕ್ಕೆ ಹಾಕುತ್ತೇನೆ ಎಂದು ಅವಳ ಅಪ್ಪ ಹೇಳಿದ್ದರು. ಅವರು ಮಾತಿಗೆ ತಪ್ಪುವ ಮನುಷ್ಯರಲ್ಲ. ಆದರೆ ಮಾರ್ಚಿನೊಳಗೆ ಬಿ.ಎ. ಹುಡುಗಿಗೆ ಯಾವ ಕೆಲಸ ಸಿಕ್ಕೀತು?

"ನಾನು ಭಾಳ ಜೋರು ಓಡಂಗಿಲ್ಲ," ಎಂದಳು ಮುಬಾಶಿರಾ.

"ಓಡೂದು ನಾ ಓಡತೀನಿ. ನೀ ನಕ್ಷೆ ಓದು. ಕ್ಯಾಂಪಿನ್ಯಾಗ ನಿನ್ನಂಗ ಓದಾವ್ರು ಯಾರಿದ್ರು?"

ಅದು ನಿಜವಾಗಿತ್ತು. ಮುನಿರಾಬಾದಿನಲ್ಲಿ ನಡೆದ ಎನ್‌ಸಿಸಿ ಕ್ಯಾಂಪಿನಲ್ಲಿ ದಿಕ್ಸೂಚಿ ಹಿಡಿದು ನಕ್ಷೆ ಓದುವ ಪರೀಕ್ಷೆಯಲ್ಲಿ ಮುಬಾಶಿರಾ ಮೊದಲಿಗಳಾಗಿದ್ದಳು. ಅದಕ್ಕೆ ಕಾರಣ ಅವಳ ಅಪ್ಪ. ಬಾಬಾಸಾಬ ನಕ್ಷೆ ಬರೆಯುವ ಕೆಲಸದವರು. ಹುಡುಗರಾಗಿದ್ದಾಗ ಕಾಲುವೆಗಳ ನಕ್ಷೆಗಳನ್ನು ಟ್ರೇಸಿಂಗ್ ಕಾಗದದ ಮೇಲೆ ತಿದ್ದುತ್ತಾ ಕೈ ಪಳಗಿಸಿಕೊಂಡವರು, ಈಗ ಹದಿನಾಲ್ಕು ವರ್ಷಗಳಿಂದ ಶರಣಬಸಪ್ಪ ಎಂಬ ಎಂಜಿನಿಯರರ ಆಫೀಸಿನಲ್ಲಿ ಮನೆಗಳ ಪ್ಲಾನು ಬರೆಯುತ್ತಿದ್ದರು. ಮುಬಾಶಿರಾ ಸಣ್ಣವಳಿದ್ದಾಗ ಅವರ ಮಗ್ಗುಲಲ್ಲಿ ಕೂತು ಸ್ಕೇಲು ಹಿಡಿದುಕೊಳ್ಳುತ್ತಿದ್ದಳು. ಬಾವಿಯನ್ನು ಹೇಗೆ ಗುರುತಿಸುತ್ತಾರೆ, ಏರು ತಗ್ಗಿನ ಗೆರೆ ಯಾವುದು, ಕಾಲುವೆಯ ಮೇಲೆ ಸೇತುವೆ ಎಲ್ಲಿದೆ, ಎಲ್ಲವನ್ನೂ ಅವರು ಬೆರಳಿನಿಂದ ತೋರಿಸುತ್ತಿದ್ದರು.

ಬಂಡೆಗಲ್ಲು ಬಳಗದ ಅಧ್ಯಕ್ಷರು ಅದೇ ಶರಣಬಸಪ್ಪ. ಮುಬಾಶಿರಾ ಓಟಕ್ಕೆ ಹೆಸರು ಕೊಟ್ಟ ದಿನ ಮನೆಯಲ್ಲಿ ಹೇಳಿದಾಗ ಬಾಬಾಸಾಬ ಊಟದ ತಟ್ಟೆಯಿಂದ ತಲೆಯೆತ್ತಿ ಒಂದು ಕ್ಷಣ ಅವಳನ್ನು ನೋಡಿದರು.

"ನಮ್ಮ ಸಾಹೇಬರ ಓಟ?"

"ಹೌದು ಅಬ್ಬಾ."

"ಛಲೋ ಆತು," ಎಂದು ಅವರು ಮತ್ತೆ ಊಟಕ್ಕೆ ಬಗ್ಗಿದರು. ಓಟಕ್ಕೆ ಉಳಿದಿದ್ದ ಎರಡು ವಾರವೂ ಅವರು ಆಫೀಸಿನಿಂದ ತಡವಾಗಿ ಬಂದರು. ಮನೆಯವರು ಯಾರೂ ಕೇಳಲಿಲ್ಲ, ಯಾಕೆಂದರೆ ಆಫೀಸಿನಲ್ಲಿ ಆಗಲೇ ಎರಡು ಕಂಪ್ಯೂಟರು ಬಂದು ಕೂತಿದ್ದವು. ಶರಣಬಸಪ್ಪನವರ ಅಣ್ಣನ ಮಗ ವೆಂಕಟೇಶ ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಲಿತು ಬಂದು ಪ್ಲಾನುಗಳನ್ನು ಅದರಲ್ಲೇ ಬರೆಯುತ್ತಿದ್ದ. ಕೈಯಲ್ಲಿ ಬರೆಯುವ ಇನ್ನೊಬ್ಬರು, ಖಾಜಾಸಾಬ ಎನ್ನುವವರು, ದಸರೆಗೆ ಮುಂಚೆಯೇ ಆಫೀಸು ಬಿಟ್ಟು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ತೂಕ ಬರೆಯಲು ಹೋಗಿದ್ದರು. ಬಾಬಾಸಾಬ ಹೆಚ್ಚು ಹೊತ್ತು ಕೂತರೆ ಒಳ್ಳೆಯದೇ ಎಂದು ಮುಬಾಶಿರಾಳ ತಾಯಿ ಗೌಸಬೀ ಅಂದುಕೊಂಡಿದ್ದರು.

ಡಿಸೆಂಬರ್ ಎರಡನೇ ಭಾನುವಾರ ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿ ಹತ್ತೊಂಬತ್ತು ಜೋಡಿ ನಿಂತಿದ್ದವು. ಅದರಲ್ಲಿ ಹುಡುಗಿಯರ ಜೋಡಿ ಮೂರೇ. ನಿವೃತ್ತ ದೈಹಿಕ ಶಿಕ್ಷಕ ಗಾದಿಲಿಂಗಪ್ಪ ಮಾಸ್ತರ್ ಮುಖ್ಯ ತೀರ್ಪುಗಾರರು. ಅವರು ನಿಯಮಗಳನ್ನು ಓದಿ ಹೇಳಿದರು. ವಾಹನ ಹತ್ತುವಂತಿಲ್ಲ. ಯಾರನ್ನೂ ದಾರಿ ಕೇಳುವಂತಿಲ್ಲ. ಇಬ್ಬರೂ ಕೂಡಿಯೇ ಬರಬೇಕು. ರೈಲ್ವೆ ಹಳಿಯನ್ನು ಗೇಟು ಬಿಟ್ಟು ಬೇರೆಲ್ಲೂ ದಾಟುವಂತಿಲ್ಲ. ಆಮೇಲೆ ಮಡಚಿದ ಜೆರಾಕ್ಸ್ ಹಾಳೆಗಳನ್ನು ಹಂಚಿ ಸೀಟಿ ಊದಿದರು.

ಹಾಳೆ ಬಿಚ್ಚಿದ ಕೂಡಲೇ ಮುಬಾಶಿರಾಗೆ ಅದು ಯಾರ ಕೈ ಎಂದು ಗೊತ್ತಾಯಿತು. ಗಿಡಗಳಿಗೆ ಅಪ್ಪ ಹಾಕುವ ಮೂರು ಸಣ್ಣ ಸುರುಳಿ, ಏಳರ ಅಂಕಿಯ ನಡುವೆ ಅಡ್ಡಗೆರೆ. ಎರಡು ವಾರ ಎದುರಿಗೇ ಕೂತು ಊಟ ಮಾಡಿದರೂ ಅವರು ಒಂದು ಮಾತು ಬಾಯಿಬಿಟ್ಟಿರಲಿಲ್ಲ. ಅವಳಿಗೆ ಹೆಮ್ಮೆಯಾಯಿತು, ಸ್ವಲ್ಪ ನಗುವೂ ಬಂತು.

"ಏನಾತು?" ಎಂದಳು ಅನುಷಾ.

"ಏನಿಲ್ಲ. ಮೊದಲನೇದು ಕ್ವಾಟಿ ಕಡೆ. ನಡಿ."

ಮೊದಲ ಮೂರು ಗುರುತು ಕಷ್ಟವಾಗಲಿಲ್ಲ. ಕೋಟೆಯ ಕೆಳಗಿನ ಬುರುಜು, ಒಂದು ಹಾಳು ಸೇದುಬಾವಿ, ಸಾಲಾರ್‌ಜಂಗ್ ರಸ್ತೆಯ ಹಿಂದಿನ ಒಂದು ಕಟ್ಟಿಗೆ ಅಡ್ಡೆ. ಅನುಷಾ ಮುಂದೆ, ಮುಬಾಶಿರಾ ಅವಳ ಹಿಂದೆ ಹೆಬ್ಬೆರಳನ್ನು ನಕ್ಷೆಯ ಮೇಲೆ ಸರಿಸುತ್ತಾ, "ಬಲಕ್ಕ, ಎರಡನೇ ಸಂದಿ, ಅಲ್ಲೇ ತಗ್ಗು ಬರತದ" ಎನ್ನುತ್ತಾ. ಭಾನುವಾರವಾದ್ದರಿಂದ ಕಟ್ಟೆಗಳ ಮೇಲೆ ಜನ ಕೂತಿದ್ದರು. ಒಬ್ಬ ಮುದುಕ, "ಯಾರ ಮನಿ ಹುಡುಕಾಕತ್ತೀರವಾ?" ಎಂದು ಕೇಳಿದ. ದಾರಿ ಕೇಳುವಂತಿಲ್ಲ, ಹೇಳಿಸಿಕೊಳ್ಳುವಂತೆಯೂ ಇಲ್ಲ ಎಂದು ಇಬ್ಬರೂ ಉತ್ತರಿಸದೆ ಓಡಿದರು.

ನಾಲ್ಕನೆಯ ಗುರುತು ಹಳೆಯ ಓಣಿಗಳ ನಡುವೆ ಎಲ್ಲೋ ಇತ್ತು. ನಕ್ಷೆಯಲ್ಲಿ ತೋರಿಸಿದ್ದ ಒಂದು ಸಂದಿಗೆ ಅಡ್ಡಲಾಗಿ ಈಗ ಹೊಸ ಮನೆ ಎದ್ದಿತ್ತು. ಎಷ್ಟೋ ಜೋಡಿಗಳು ಆ ಗೋಡೆಯ ಮುಂದೆ ನಿಂತು ಹಾಳೆಯನ್ನು ತಿರುಗಾಮುರುಗಾ ಮಾಡಿ ನೋಡುತ್ತಿದ್ದವು. ಮುಬಾಶಿರಾ ಬಳಸು ದಾರಿ ಲೆಕ್ಕ ಹಾಕುತ್ತಿರುವಾಗ ಎದುರಿನಿಂದ ಅಪ್ಪನ ಆಫೀಸಿನ ವೆಂಕಟೇಶ ಮತ್ತು ಅವನ ಜೋಡಿ ಬಸವಪ್ರಭು ಬಂದರು. ಅವರು ಆಗಲೇ ನಾಲ್ಕನೆಯದನ್ನು ಮುಗಿಸಿದ್ದರು. ಪಕ್ಕದಲ್ಲೇ ಹಾದು ಐದರ ಕಡೆ ಓಡಿದರು.

ಅನುಷಾ ಅವರ ಬೆನ್ನನ್ನೇ ನೋಡಿದಳು. "ಲೇ ಮುಬಾಶಿರಾ, ಆತನ ಕೈಯಾಗಿನ ನಕ್ಷೆ ನೋಡಿದಿ?"

"ಯಾಕ?"

"ಮಡಚಿದ್ದು ಮಡಚಿದಂಗ ಐತಿ. ಮಾಸ್ತರು ಕೊಟ್ಟಂಗ."

ಮುಬಾಶಿರಾ ನೋಡಿರಲಿಲ್ಲ. ಬಳಸಿಕೊಂಡು ಹೋಗಿ ನಾಲ್ಕನೆಯ ಗುರುತಿಗೆ ತಲುಪಿದಾಗ ಅಲ್ಲಿ ಗಾದಿಲಿಂಗಪ್ಪ ಮಾಸ್ತರ್ ಸ್ಕೂಟರ್ ನಿಲ್ಲಿಸಿಕೊಂಡು ಕೂತಿದ್ದರು. ಜೋಡಿಗಳು ಬಂದ ಸಮಯ ಬರೆದುಕೊಳ್ಳುತ್ತಿದ್ದರು. ಅನುಷಾ ಏದುಸಿರು ಬಿಡುತ್ತಲೇ, "ಸರ್, ಆ ವೆಂಕಟೇಶ ನಕ್ಷೇನ ಬಿಚ್ಚಿಲ್ರಿ" ಎಂದಳು. ಮಾಸ್ತರು ತಲೆಯೆತ್ತಲಿಲ್ಲ. "ನೀವು ನಿಮ್ಮ ಓಟ ಓಡ್ರಿ," ಎಂದರು.

ಐದರಿಂದ ಒಂಬತ್ತರವರೆಗೆ ಅವರು ಹಿಂದೆ ನೋಡಲಿಲ್ಲ. ಮಳೆಮಲ್ಲೇಶ್ವರ ಬೆಟ್ಟದ ಬುಡದಲ್ಲಿ ಬಂಡೆಗಳ ನಡುವೆ ಹತ್ತಿಳಿದರು. ಅನುಷಾಳ ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಅವಳು ಎರಡನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದಳು. ಹತ್ತನೆಯ ಗುರುತು ಹಳಿಯಾಚೆ ಭಾಗ್ಯನಗರದಲ್ಲಿ, ವಿಗ್ಗಿಗೆಂದು ಕೂದಲು ಒಣಗಿಸುವ ಒಂದು ಗೋದಾಮಿನ ಹಿಂದಿನ ಬೇವಿನ ಮರದಲ್ಲಿ. ಅವರು ಹೋಗುವಾಗ ಗೇಟು ತೆರೆದಿತ್ತು. ತೂತು ಹಾಕಿಕೊಂಡು ಮರಳುವಾಗ ಮುಚ್ಚಿತ್ತು.

ಅದಿರು ತುಂಬಿದ ಗೂಡ್ಸ್ ಗಾಡಿ ಗೇಟಿನ ಮೇಲೆಯೇ ನಿಂತಿತ್ತು. ಅದರ ತುದಿ ಎರಡೂ ಕಡೆ ಕಾಣುತ್ತಿರಲಿಲ್ಲ. ಸೈಕಲ್ಲು, ಟಂಟಂ, ಎತ್ತಿನ ಗಾಡಿ ಎಲ್ಲ ಸಾಲಾಗಿ ನಿಂತಿದ್ದವು. ಅವುಗಳ ಮುಂದೆ, ಗೇಟಿನ ಕಂಬಕ್ಕೆ ಕೈಯಿಟ್ಟುಕೊಂಡು ವೆಂಕಟೇಶ ಮತ್ತು ಬಸವಪ್ರಭು. ಉಳಿದಿದ್ದು ಎರಡೇ ಗುರುತು. ಗಾಡಿ ಹೋದ ತಕ್ಷಣ ಅವರು ಮೊದಲು ದಾಟುತ್ತಾರೆ, ಆಮೇಲೆ ಅವರನ್ನು ಹಿಡಿಯುವುದು ಆಗದ ಮಾತು.

ಅನುಷಾ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಅವಳ ಅಂಗಾಲಿನಲ್ಲಿ ರಕ್ತ ಬಂದಿತ್ತು. "ಮುಗೀತು," ಎಂದಳು.

ಮುಬಾಶಿರಾ ನಕ್ಷೆಯನ್ನು ಕಣ್ಣಿನ ಹತ್ತಿರ ತಂದಳು. ಗೇಟಿನಿಂದ ಪಶ್ಚಿಮಕ್ಕೆ, ಒಂದು ಹಳ್ಳದ ಗೆರೆ ಹಳಿಯನ್ನು ಕೂಡುವಲ್ಲಿ, ಬೆನ್ನಿಗೆ ಬೆನ್ನು ಮಾಡಿದ ಎರಡು ಸಣ್ಣ ಬಾಗು ಗೆರೆಗಳಿದ್ದವು. ಕ್ಯಾಂಪಿನಲ್ಲಿ ಸುಬೇದಾರರು ಬೋರ್ಡಿನ ಮೇಲೆ ಇಪ್ಪತ್ತು ಸಲ ಬರೆಸಿದ್ದ ಗುರುತು ಅದು. ಮೋರಿ.

"ಏಳು," ಎಂದಳು. "ಹಳಿ ಮ್ಯಾಲ ದಾಟೂದು ಬ್ಯಾಡ. ಕೆಳಗ ಹೋಗೂಣು."

ಮೋರಿಯಲ್ಲಿ ಊರಿನ ಚರಂಡಿ ನೀರು ಮೊಣಕಾಲಿನವರೆಗೆ ನಿಂತಿತ್ತು. ತಲೆ ತಗ್ಗಿಸಿ, ಗೋಡೆಗೆ ಕೈಯೂರಿ, ಬಾಯಿಂದ ಉಸಿರಾಡುತ್ತಾ ನಡೆದರು. ತಲೆಯ ಮೇಲೆ ಗಾಡಿ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಅನುಷಾ ಹಿಂದಿನಿಂದ ಅವಳ ಓಢಣಿಯ ತುದಿ ಹಿಡಿದುಕೊಂಡಿದ್ದಳು. ಆಚೆ ಬೆಳಕಿಗೆ ಬಂದಾಗ ಇಬ್ಬರ ಮೈಯೆಲ್ಲ ಕಪ್ಪು ಕೆಸರು. ಹನ್ನೊಂದನೆಯದು ಹುಲಿಕೆರೆಯ ದಂಡೆ, ಹನ್ನೆರಡನೆಯದು ಗಂಜ್ ಮಾರುಕಟ್ಟೆಯ ಹಿಂದೆ. ಮೈದಾನಕ್ಕೆ ಬಂದು ಸುಣ್ಣದ ಗೆರೆ ದಾಟಿದಾಗ ಮತ್ತೊಂದು ಜೋಡಿ ಕಣ್ಣಿಗೆ ಬೀಳಲಿಲ್ಲ. ವೆಂಕಟೇಶನ ಜೋಡಿ ಬಂದದ್ದು ಹದಿನಾಲ್ಕು ನಿಮಿಷ ಬಿಟ್ಟು.

ಆ ಹದಿನಾಲ್ಕು ನಿಮಿಷ ಅನುಷಾ ಹುಲ್ಲಿನ ಮೇಲೆ ಅಂಗಾತ ಮಲಗಿ, "ಅಪ್ಪಗ ಇವತ್ತ ಫೋನ್ ಮಾಡತೀನಿ, ಇವತ್ತ ಮಾಡತೀನಿ" ಎಂದು ಹೇಳುತ್ತಲೇ ಇದ್ದಳು.

ತಕರಾರು ಊಟದ ಹೊತ್ತಿಗೆ ಶುರುವಾಯಿತು. ಮೈದಾನದ ಪಕ್ಕದ ಕಲ್ಯಾಣ ಮಂಟಪದಲ್ಲಿ ಮೇಜು ಹಾಕಿ ಶರಣಬಸಪ್ಪ, ಗಾದಿಲಿಂಗಪ್ಪ ಮಾಸ್ತರ್ ಮತ್ತು ಬಳಗದ ಇನ್ನಿಬ್ಬರು ಕೂತಿದ್ದರು. ವೆಂಕಟೇಶ ಎದುರಿಗೆ ನಿಂತು, ಹುಡುಗಿಯರು ಗೇಟು ಬಿಟ್ಟು ಬೇರೆ ಕಡೆ ದಾಟಿದ್ದಾರೆ ಎಂದ.

ಮಾಸ್ತರು ನಿಯಮದ ಹಾಳೆ ತೆಗೆದು ಓದಿದರು. "ಹಳಿ ದಾಟುವಂತಿಲ್ಲ ಅಂತ ಐತಿ. ಇವರು ಹಳಿ ಮುಟ್ಟಿಲ್ಲ, ಕೆಳಗ ಬಂದಾರ. ಮೋರಿ ನಕ್ಷೆದಾಗ ಐತಿ. ತಪ್ಪಾಗಂಗಿಲ್ಲ," ಎಂದರು.

ಅನುಷಾ ಮುಬಾಶಿರಾಳ ಕೈ ಒತ್ತಿದಳು.

"ಹಂಗಾರ ಮೋರಿ ಅಂತ ಇವರಿಗೆ ಹೆಂಗ ಗೊತ್ತಾತ್ರಿ?" ಎಂದ ವೆಂಕಟೇಶ. "ಹಾಳಿ ಮೂಲ್ಯಾಗ ಎಲ್ಲಾ ಗುರುತಿಗೂ ಅರ್ಥ ಕೊಟ್ಟಾರ. ಮೋರೀದು ಕೊಟ್ಟಿಲ್ಲ. ನಕ್ಷೆ ಬರದಾವರು ಬಾಬಾಸಾಬ್ರು. ಈಕಿ ಅವರ ಮಗಳು."

ಮಂಟಪದಲ್ಲಿ ಊಟಕ್ಕೆ ಕೂತವರು ತಿರುಗಿ ನೋಡಿದರು. ಶರಣಬಸಪ್ಪ ಮುಬಾಶಿರಾಳ ಕಡೆ ನೋಡಿದರು. ಅವರು ಒರಟು ಮನುಷ್ಯರಲ್ಲ. ಹಬ್ಬಕ್ಕೆ ಬಾಬಾಸಾಬರ ಮನೆಗೆ ಬಂದು ಸುರಕುಂಬಾ ಪಾಯಸ ಕುಡಿದು ಹೋಗುತ್ತಿದ್ದರು.

"ಹೌದೇನವಾ? ನಕ್ಷೆ ಮೊದಲ ನೋಡಿದ್ದಿ?"

"ಇಲ್ರಿ ಸರ್. ಬೆಳಿಗ್ಗೆ ಕೈಯಾಗ ಕೊಟ್ಟಮ್ಯಾಲನ ನೋಡಿದ್ದು. ಮೋರಿ ಗುರುತು ಎನ್‌ಸಿಸಿಯೊಳಗ ಕಲಿಸ್ಯಾರ. ಆತನ ನಕ್ಷೇನ ಬಿಚ್ಚದ ಓಡ್ಯಾನ್ರಿ. ನಾಕನೇ ಗುರುತಿನ್ಯಾಗ ಮಾಸ್ತರು ಇದ್ರು, ಅವರನ್ನ ಕೇಳ್ರಿ."

ಶರಣಬಸಪ್ಪ ಮಾಸ್ತರ ಕಡೆ ತಿರುಗಿದರು. ಗಾದಿಲಿಂಗಪ್ಪ ಮಾಸ್ತರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ನಾ ಟೈಮ್ ಬರಕೋತ ಕುಂತಿದ್ದೆ," ಎಂದರು. "ಯಾರ ಕೈಯಾಗ ಏನಿತ್ತು ಅಂತ ನೋಡಿಲ್ಲ."

"ಬಾಬಾಸಾಬ್ರನ್ನ ಕರಸೂಣು," ಎಂದರು ಶರಣಬಸಪ್ಪ.

ಬಾಬಾಸಾಬ ಅರ್ಧ ಗಂಟೆಯಲ್ಲಿ ಬಂದರು. ಅವರನ್ನು ಊಟದ ನಡುವೆ ಎಬ್ಬಿಸಿ ಕರೆತಂದಿದ್ದರು. ಯಾಕೆ ಎಂದು ಸ್ಕೂಟರಿನಲ್ಲಿ ಬರುವಾಗಲೇ ಯಾರೋ ಹೇಳಿರಬೇಕು, ಮಂಟಪದ ಒಳಗೆ ಬಂದವರು ಮಗಳನ್ನು ನೋಡದೆ ನೇರವಾಗಿ ಮೇಜಿನ ಹತ್ತಿರ ಹೋಗಿ ನಿಂತರು. ಕೂರಲು ಕುರ್ಚಿ ತೋರಿಸಿದರೂ ಕೂರಲಿಲ್ಲ.

ಮುಬಾಶಿರಾಗೆ ಆಗ ಒಂದಿಷ್ಟೂ ಹೆದರಿಕೆ ಇರಲಿಲ್ಲ. ನಕ್ಷೆ ಮನೆಗೆ ಬಂದೇ ಇಲ್ಲ. ಮನೆಯಲ್ಲಿ ಬರೆಯುವ ಹಲಗೆಯೇ ಇರಲಿಲ್ಲ. ಇದ್ದೊಂದನ್ನು ಎರಡು ವರ್ಷದ ಹಿಂದೆ ಅಪ್ಪನೇ ಆಫೀಸಿಗೆ ಹೊತ್ತುಕೊಂಡು ಹೋಗಿದ್ದರು. ಆಫೀಸಿನಲ್ಲಿ ಬರೆದ ನಕ್ಷೆಯನ್ನು ನೋಡಲು ಸಾಧ್ಯವಿದ್ದವನು ಅದೇ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ವೆಂಕಟೇಶ. ಅಪ್ಪ ಒಂದು ಮಾತು ಹೇಳಿದರೆ ಎಲ್ಲ ತಿಳಿಯಾಗುತ್ತದೆ.

"ಬಾಬಾಸಾಬ್ರ," ಎಂದರು ಶರಣಬಸಪ್ಪ, ಮೆಲ್ಲಗೆ, ಪ್ರೀತಿಯಿಂದ ಎನ್ನುವ ಹಾಗೆ. "ನಕ್ಷೆ ಎಲ್ಲಿ ಬರದ್ರಿ? ಆಫೀಸಿನ್ಯಾಗ ಬರದ್ರೋ, ಮನಿಗೆ ಒಯ್ದಿದ್ರೋ? ನೆನಪು ಮಾಡಿಕೊಂಡು ಹೇಳ್ರಿ. ಆಫೀಸಿನ್ಯಾಗ ಅಂದ್ರ ನಮ್ಮ ಆಫೀಸಿನ ಮ್ಯಾಲ ಮಾತು ಬರತದ. ಅದಕ್ಕ ಕೇಳೀನಿ."

ಬಾಬಾಸಾಬರ ಬಲಗೈಯ ಬೆರಳುಗಳು ಮೇಜಿನ ಅಂಚನ್ನು ಸವರುತ್ತಿದ್ದವು, ಅಂಚು ನೇರ ಇದೆಯೇ ಎಂದು ನೋಡುವವರಂತೆ.

"ಮನ್ಯಾಗ ಬರದೀನ್ರಿ ಸಾಹೇಬರ."

"ಮಗಳು ನೋಡ್ಯಾಳ?"

"ನಾ ಇಲ್ಲದಾಗ ನೋಡಿರಬಹುದ್ರಿ. ನಾ ಹೆಂಗ ಹೇಳಲಿ."

"ಅಬ್ಬಾ," ಎಂದಳು ಮುಬಾಶಿರಾ. ಬಾಬಾಸಾಬ ಆಗಲೂ ತಿರುಗಲಿಲ್ಲ. "ನಾ ಹೋಗಲ್ರಿ?" ಎಂದು ಶರಣಬಸಪ್ಪನವರನ್ನು ಕೇಳಿ, ಅವರು ತಲೆಯಾಡಿಸಿದ ಮೇಲೆ, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಗಾದಿಲಿಂಗಪ್ಪ ಮಾಸ್ತರ್ ಕಾಗದದ ಮೇಲೆ ಎರಡು ಸಾಲು ಬರೆದರು. ಜೋಡಿಯನ್ನು ಓಟದಿಂದ ಕೈಬಿಡಲಾಗಿದೆ. ವೆಂಕಟೇಶನ ಜೋಡಿ ಮೊದಲನೆಯದು.

ಹೊರಗೆ ನಲ್ಲಿಯ ಹತ್ತಿರ ಅನುಷಾ ಕಾಲು ತೊಳೆಯುತ್ತಿದ್ದಳು. ಕೆಸರು ಹೋದ ಮೇಲೆ ಅಂಗಾಲಿನ ಗಾಯ ಬಾಯಿ ಬಿಟ್ಟುಕೊಂಡು ಕಂಡಿತು. ಮುಬಾಶಿರಾ ಹತ್ತಿರ ಹೋಗಿ ಓಢಣಿಯ ಒಣಗಿದ ಭಾಗವನ್ನು ಹರಿದು ಕೊಡಲು ನೋಡಿದಳು. ಅನುಷಾ ತೆಗೆದುಕೊಳ್ಳಲಿಲ್ಲ.

"ಖರೇ ಹೇಳು," ಎಂದಳು. "ನೋಡಿದ್ದೇನು?"

"ನೀನ ಕೇಳತೀಯಲ್ಲ."

"ನಿಮ್ಮಪ್ಪನ ಹೇಳ್ಯಾರಲ್ಲ. ತಮ್ಮ ಮಗಳ ಮ್ಯಾಲ ಯಾರು ಸುಳ್ಳು ಹೇಳತಾರ?"

ಉತ್ತರ ಕೊಡಬೇಕಾದರೆ ಮುಬಾಶಿರಾ ಅಪ್ಪನನ್ನು ಸುಳ್ಳುಗಾರ ಎನ್ನಬೇಕಿತ್ತು. ಆ ಮಾತು ಅವಳ ಬಾಯಿಗೆ ಆ ದಿನ ಬರಲಿಲ್ಲ. ಅನುಷಾ ನಲ್ಲಿ ತಿರುಗಿಸಿ ನಿಲ್ಲಿಸಿ, ಕುಂಟುತ್ತಾ ಹಾಸ್ಟೆಲಿನ ಕಡೆ ನಡೆದಳು.

ಮನೆಯಲ್ಲಿ ಬಾಬಾಸಾಬ ಕಟ್ಟೆಯ ಮೇಲೆ ಕೂತಿದ್ದರು. ಅರ್ಧಕ್ಕೆ ಬಿಟ್ಟ ಊಟದ ತಟ್ಟೆಯನ್ನು ಗೌಸಬೀ ಮುಚ್ಚಿಟ್ಟಿದ್ದರು. ಮುಬಾಶಿರಾ ಹೊಸ್ತಿಲ ಹೊರಗೇ ನಿಂತಳು.

"ಯಾಕ ಹಂಗ ಹೇಳಿದ್ರಿ?"

"ಕೂಡು."

"ಯಾಕ ಹೇಳಿದ್ರಿ?"

"ಆಫೀಸು ಅಂದಿದ್ರ ವೆಂಕಟೇಶನ ಹೆಸರು ಬರತಿತ್ತು. ಹುಡುಗ ಅವರ ಮನಿಯಾಂವ. ನಾಳಿ ಬೆಳಿಗ್ಗೆ ನಾ ಯಾವ ಮುಖ ಇಟ್ಕೊಂಡು ಆ ಆಫೀಸಿಗೆ ಹೋಗಲಿ? ಖಾಜಾಸಾಬನ್ನ ನೋಡಿಲ್ಲ ನೀನು? ಗಿರಣ್ಯಾಗ ತೌಡಿನ ಧೂಳು ಕುಡಕೋತ ಕುಂತಾನ. ನನ್ನ ಕೈಗೆ ಬ್ಯಾರೆ ಕೆಲಸ ಬರಂಗಿಲ್ಲ." ಅವರು ತಮ್ಮನ್ನು ತಾವೇ ಒಪ್ಪಿಸುವವರಂತೆ ಹೇಳಿದರು: "ಅದು ಆಟ ಅಲ್ಲೇನು ಬೇಟಾ. ಓಡೂ ಆಟ. ಮುಂದಿನ ವರ್ಷ ಮತ್ತ ಓಡಬಹುದು."

"ನಾ ಕಳ್ಳಿ ಅಂತ ಇಡೀ ಮಂಟಪದಾವ್ರು ಕೇಳ್ಯಾರ."

"ಕಳ್ಳಿ ಅಂತ ನಾ ಅಂದಿಲ್ಲ. ನೋಡಿರಬಹುದು ಅಂದೆ."

ಆ ಮಾತಿಗೆ ಗೌಸಬೀ ಒಳಗಿನಿಂದ ಹೊರಗೆ ಬಂದು ಗಂಡನನ್ನು ನೋಡಿದರು. ಮುಚ್ಚಿಟ್ಟಿದ್ದ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅನ್ನವನ್ನು ಹಿತ್ತಲಿನ ಆಡಿಗೆ ಹಾಕಿದರು.

ಸೋಮವಾರ ಕಾಲೇಜಿನಲ್ಲಿ ಸುದ್ದಿ ಮೊದಲೇ ತಲುಪಿತ್ತು. ಎನ್‌ಸಿಸಿಯಲ್ಲಿ ಯಾರೂ ಏನೂ ಅನ್ನಲಿಲ್ಲ, ಆದರೆ ಜನವರಿಯ ಕ್ಯಾಂಪಿಗೆ ಮುಬಾಶಿರಾಳ ಹೆಸರು ಇರಲಿಲ್ಲ. ಅವಳು ಕೇಳಲೂ ಹೋಗಲಿಲ್ಲ. ಅನುಷಾ ತರಗತಿಯಲ್ಲಿ ಬೇರೆ ಬೆಂಚಿಗೆ ಹೋದಳು. ಪರೀಕ್ಷೆ ಮುಗಿದ ತಿಂಗಳಲ್ಲೇ ಅವಳ ಲಗ್ನ ಕುಷ್ಟಗಿಯಲ್ಲಿ ಆಯಿತು. ತರಗತಿಯ ಎಲ್ಲರಿಗೂ ಕಾರ್ಡು ಬಂತು, ಮುಬಾಶಿರಾಗೂ ಬಂತು. ಲಕೋಟೆಯ ಮೇಲಿನ ವಿಳಾಸ ಬೇರೆಯವರ ಕೈಬರಹದಲ್ಲಿತ್ತು. ಅವಳು ಹೋಗಲಿಲ್ಲ.

ಶರಣಬಸಪ್ಪ ಮಾತ್ರ ಆ ಋಣವನ್ನು ಮರೆಯಲಿಲ್ಲ. ಬಾಬಾಸಾಬರನ್ನು ಅವರು ಆಫೀಸಿನಿಂದ ತೆಗೆಯಲಿಲ್ಲ. ಕೈ ನಕ್ಷೆಗಳ ಕೆಲಸ ಪೂರ್ತಿ ನಿಂತುಹೋದ ಮೇಲೂ ಹಳೆಯ ಪ್ಲಾನುಗಳನ್ನು ಜೋಡಿಸಿಡುವ ಕೆಲಸ ಕೊಟ್ಟು, ಕಿಟಕಿಯ ಹತ್ತಿರ ಒಂದು ಕುರ್ಚಿ ಹಾಕಿಸಿದರು. ಪ್ರತಿ ಈದಿಗೆ ಮನೆಗೆ ಮಿಠಾಯಿ ಡಬ್ಬಿ ಬರುತ್ತಿತ್ತು. ಮುಬಾಶಿರಾ ಅದನ್ನು ಮುಟ್ಟುತ್ತಿರಲಿಲ್ಲ. ಮೊದಲ ವರ್ಷ ಬಾಬಾಸಾಬ ಒಂದು ಪೇಡೆಯನ್ನು ಅವಳ ಮುಂದೆ ಹಿಡಿದರು. ಆಮೇಲೆ ಹಿಡಿಯುವುದನ್ನು ಬಿಟ್ಟರು. ತಂದೆ ಮಗಳು ಮಾತಾಡುತ್ತಿದ್ದರು, ನೀರು ಬಂತೋ, ಕರೆಂಟು ಹೋಯಿತೋ ಎನ್ನುವಷ್ಟು.

ಮುಬಾಶಿರಾ ಬಿ.ಇಡಿ. ಮಾಡಿ ಅಳವಂಡಿಯ ಹತ್ತಿರದ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸತೊಡಗಿದಳು. ಎರಡು ಸಂಬಂಧ ಬಂದು ಮುರಿದವು, ಮೂರನೆಯದನ್ನು ಅವಳೇ ಬೇಡ ಎಂದಳು.

2015ರ ಬೇಸಿಗೆಯ ಒಂದು ಬೆಳಿಗ್ಗೆ ಗಾದಿಲಿಂಗಪ್ಪ ಮಾಸ್ತರ್ ಅವಳ ಮನೆಗೆ ಬಂದರು. ಎಪ್ಪತ್ತು ದಾಟಿತ್ತು, ಕೈಯಲ್ಲಿ ಕೋಲು. ಬಳಗದವರು ಮತ್ತೆ ನಕ್ಷೆ ಓಟ ಮಾಡುತ್ತಿದ್ದಾರೆ, ಈ ಸಲ ಶಾಲೆಯ ಮಕ್ಕಳಿಗೆ, ಗುರುತುಗಳನ್ನು ಇಡಲು ಗೊತ್ತಿದ್ದವರು ಬೇಕು ಎಂದರು. ಮುಬಾಶಿರಾ ಚಹಾ ತಂದಿಟ್ಟಳು.

"ನನ್ನನ್ಯಾಕ ಕೇಳತೀರಿ ಸರ್? ನಾ ಮೋಸ ಮಾಡಿದಾಕಿ ಅಂತ ನಿಮ್ಮ ಕೈಲೇ ಬರದೀರಿ."

ಮಾಸ್ತರು ಕಪ್ಪನ್ನು ಬಸಿಗೆ ಇಳಿಸಿದರು. "ತಂಗಿ, ಆ ಹುಡುಗ ನಕ್ಷೆ ಬಿಚ್ಚಿರಲಿಲ್ಲ. ನಾ ನೋಡಿದ್ದೆ. ನಾಕನೇ ಗುರುತಿನ್ಯಾಗ ಸಂದೀನ ಕಟ್ಟಿಹೋಗಿತ್ತು, ಹುಡುಕದ ಸೀದಾ ಬಂದ್ರು. ಎಲ್ಲಾ ನೋಡಿದ್ದೆ."

"ಅವತ್ತ ಯಾಕ ಹೇಳಲಿಲ್ಲ?"

"ನನ್ನ ಅಳಿಯನ ಮನಿ ಪ್ಲಾನು ಪಾಸಾಗಬೇಕಿತ್ತು. ಅದು ಶರಣಬಸಪ್ಪನ ಕೈಯಾಗಿತ್ತು." ಅವರು ತಲೆ ತಗ್ಗಿಸಿದರು. "ಸಣ್ಣ ಕಾರಣ. ಈಗ ಹೇಳಾಕೂ ನಾಚಿಕಿ ಬರತದ."

"ಇದನ್ನ ಬರದು ಕೊಡ್ರಿ," ಎಂದಳು ಮುಬಾಶಿರಾ. "ಎರಡ ಸಾಲು. ಅವತ್ತ ಬರದ್ರಲ್ಲ, ಅಷ್ಟ."

"ಈಗ ಯಾಕವಾ ಅದು. ಶರಣಬಸಪ್ಪನೂ ಹಾಸಿಗಿ ಹಿಡದಾನ. ಆ ವೆಂಕಟೇಶ ತರಬೇತಿ ಬಿಟ್ಟು ಎಂಟ ದಿನಕ್ಕ ಓಡಿ ಬಂದಿದ್ದ. ಯಾರಿಗೂ ಏನೂ ದಕ್ಕಲಿಲ್ಲ."

"ಚಹಾ ಆರತದ ಸರ್. ಕುಡೀರಿ."

ಅವರು ಕುಡಿದು ಎದ್ದರು. ಒಳಕೋಣೆಯ ಮಂಚದ ಮೇಲೆ ಬಾಬಾಸಾಬ ಎಚ್ಚರವಾಗಿಯೇ ಇದ್ದರು. ಕಣ್ಣು ಮಂಜಾಗಿತ್ತು, ಕಿವಿ ಚೆನ್ನಾಗಿತ್ತು. ಮಾಸ್ತರ ಕೋಲಿನ ಸದ್ದು ಓಣಿಯಲ್ಲಿ ದೂರವಾದ ಮೇಲೆ ಅವರು ಗೋಡೆಯ ಕಡೆ ಮಗ್ಗುಲು ಬದಲಿಸಿದರು.

ಮರುದಿನ ಮುಬಾಶಿರಾ ಕುಷ್ಟಗಿಯ ಬಸ್ಸು ಹತ್ತಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಅನುಷಾಳ ಗಂಡನ ಗೊಬ್ಬರದ ಅಂಗಡಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಅಂಗಡಿಯಲ್ಲಿ ಅನುಷಾಳೇ ಕೂತಿದ್ದಳು. ಮೈ ತುಂಬಿಕೊಂಡಿತ್ತು, ಮುಂಗೂದಲು ಬೆಳ್ಳಗಾಗಿತ್ತು. ಮುಬಾಶಿರಾಳನ್ನು ನೋಡಿ ಎದ್ದು ನಿಂತಳು. ಗಂಡ ಎರಡು ವರ್ಷದಿಂದ ಮಾತ್ರೆಯ ಮೇಲೆ ಇದ್ದಾನೆ, ಅಂಗಡಿ ತನ್ನದೇ ಈಗ ಎಂದಳು. ಒಂದು ಚೀಲವನ್ನು ಒರೆಸಿ ಕೂರಲು ತೋರಿಸಿದಳು.

ಮುಬಾಶಿರಾ ಸುತ್ತುಬಳಸಲಿಲ್ಲ. ಮಾಸ್ತರು ಬಂದದ್ದು, ಹೇಳಿದ್ದು, ಎಲ್ಲವನ್ನೂ ಹೇಳಿದಳು. "ನಾ ನೋಡಿರಲಿಲ್ಲ ಅನುಷಾ. ನಕ್ಷೆ ಮನಿಗೆ ಬಂದಿರಲೇ ಇಲ್ಲ. ಅದನ್ನ ಹೇಳಾಕ ಬಂದೆ."

ಒಬ್ಬ ರೈತ ಬಂದು ಯೂರಿಯಾ ಇದೆಯೇ ಎಂದು ಕೇಳಿದ. ಗುರುವಾರ ಬರುತ್ತದೆ ಎಂದು ಅನುಷಾ ಅವನನ್ನು ಕಳಿಸಿದಳು.

"ನೀ ನೋಡಿರಲಿಲ್ಲಂತ ನನಗ ಗೊತ್ತಿತ್ತು," ಎಂದಳು.

"ಯಾವಾಗಿಂದ?"

"ಅವತ್ತ. ನಲ್ಲಿ ಹತ್ರನ. ದಾರಿಯೊಳಗ ನಾ ನಿನ್ನ ಕೂಡ ಇದ್ನಲ್ಲ, ಎಷ್ಟ ಸಲ ನಿಂತು ನಿಂತು ಓದಿದಿ. ಮೊದಲ ನೋಡಿದಾಕಿ ಹಂಗ್ಯಾಕ ಓದತಾಳ?"

"ಮತ್ತ ಯಾಕ ಕೇಳಿದಿ?"

ಅನುಷಾ ತಕ್ಕಡಿಯ ತೂಕದ ಕಲ್ಲಿನ ಮೇಲೆ ಕೂತ ಧೂಳನ್ನು ಬೆರಳಿನಿಂದ ತೆಗೆದಳು. "ಯಾರ ಮ್ಯಾಲರ ಸಿಟ್ಟಾಗಬೇಕಿತ್ತು. ಆ ಸಾಹೇಬರ ಮ್ಯಾಲ ಆಗಾಕ ಬರಂಗಿಲ್ಲ, ನಿಮ್ಮಪ್ಪನ ಮ್ಯಾಲ ಆಗಾಕ ಬರಂಗಿಲ್ಲ. ನೀ ಹತ್ರ ಇದ್ದಿ. ಆಮ್ಯಾಲ ವರ್ಷ ಹ್ವಾದ್ವು. ಕಾರ್ಡಿನ ಮ್ಯಾಲ ನಿನ್ನ ಹೆಸರು ಬರಿಯಾಕ ಕೈ ಬರಲಿಲ್ಲ, ತಮ್ಮನ ಕೈಲೆ ಬರಸಿದೆ."

ಮುಬಾಶಿರಾ ಎದ್ದು ನಿಂತಳು. ಹನ್ನೆರಡು ವರ್ಷ ಅವಳು ಈ ಒಬ್ಬಳಿಗೆ ಹೇಳಬೇಕೆಂದು ಕಾದಿಟ್ಟುಕೊಂಡಿದ್ದ ಮಾತು, ಕೇಳುವವಳಿಗೆ ಮೊದಲೇ ಗೊತ್ತಿತ್ತು.

"ಊಟ ಮಾಡಿ ಹೋಗು," ಎಂದಳು ಅನುಷಾ. "ರೊಟ್ಟಿ ಮಾಡೀನಿ."

"ಬ್ಯಾಡ. ಎರಡೂವರಿ ಬಸ್ಸೈತಿ."

ಅನುಷಾ ಬಾಗಿಲವರೆಗೆ ಬಂದಳು. ಅಲ್ಲಿಂದ ಮುಂದೆ ಬರಲಿಲ್ಲ. ನಿಲ್ದಾಣದಲ್ಲಿ ಎರಡೂವರೆಯ ಬಸ್ಸು ಅರ್ಧ ಗಂಟೆ ತಡ ಎಂದರು. ಮುಬಾಶಿರಾ ನೆರಳಿದ್ದ ಕಡೆ ನಿಂತಳು. ಮನೆಗೆ ಹೋದರೆ ಅಪ್ಪ ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.